ನಕ್ಷೆಯಲ್ಲಿ ಕಾರು ಕದಲದಿದ್ದರೆ: ಹ್ಯಾಂಡ್‌ಹೆಲ್ಡ್ ಜಿಪಿಎಸ್, ಲ್ಯಾಪ್‌ಟಾಪ್ ಜೋಡಣೆಯ ದೋಷ ಹುಡುಕುವ ಬಗೆ

ಕೈಯಲ್ಲಿ ಹಿಡಿಯುವ (ಹ್ಯಾಂಡ್‌ಹೆಲ್ಡ್) ಜಿಪಿಎಸ್ ಅನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಳ್ಳುವುದು, ರಸ್ತೆ ಮುಗಿದ ಮೇಲೂ ಕೆಲಸ ಮುಗಿಯದವರಿಗೆ ಇವತ್ತಿಗೂ ಬೇಕು. ಊರಿನ ಗಡಿ, ಕೆರೆಯ ಅಂಗಳ, ಕಾಡಿನ ಎಲ್ಲೆ, ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆ ಎಲ್ಲವನ್ನೂ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಪದರ ಪದರವಾಗಿ ಇಟ್ಟುಕೊಂಡು, ಗಾಡಿ ಓಡುತ್ತಿರುವಾಗಲೇ ನಾವು ಎಲ್ಲಿದ್ದೇವೆಂದು ದೊಡ್ಡ ಪರದೆಯಲ್ಲಿ ನೋಡುವ ಅನುಕೂಲ ಮೊಬೈಲಿನಲ್ಲಿ ಸಿಗುವುದಿಲ್ಲ. ಗಾಡಿ ನಿಂತಾಗ ಜಿಪಿಎಸ್ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬಹುದು. ಮಳೆಗೆ ನೆನೆದರೂ, ಕೈಜಾರಿ ಬಿದ್ದರೂ ಅದು ತಡೆಯುತ್ತದೆ. ಎರಡು ಪೆನ್‌ಸೆಲ್ ಬ್ಯಾಟರಿಗೆ ಇಡೀ ದಿನ ದುಡಿಯುತ್ತದೆ.

ತೊಂದರೆ ಬರುವುದು ಎರಡನ್ನೂ ಜೋಡಿಸುವಲ್ಲಿ. ಜಿಪಿಎಸ್ ತನ್ನ ಪರದೆಯಲ್ಲಿ ಜಾಗ ಸರಿಯಾಗಿ ತೋರಿಸುತ್ತಿರುತ್ತದೆ, ಲ್ಯಾಪ್‌ಟಾಪ್ ತನ್ನ ಪಾಡಿಗೆ ಚೆನ್ನಾಗಿರುತ್ತದೆ, ನಕ್ಷೆಯ ಮೇಲಿನ ಬಾಣ ಮಾತ್ರ ಅಲುಗಾಡುವುದಿಲ್ಲ. ಆಗ ಬಹಳ ಜನ ಮಾಡುವ ಮೊದಲ ಕೆಲಸವೆಂದರೆ ನಕ್ಷೆಯ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮೊದಲು ಟ್ಯಾಂಕಿಗೆ ಇಣುಕಿ, ಆಮೇಲೆ ಪೈಪು ನೋಡಿ, ನಲ್ಲಿ ಬಿಚ್ಚುವುದನ್ನು ಕೊನೆಗೆ ಬಿಡುತ್ತೇವಲ್ಲ, ಇಲ್ಲಿಯೂ ಅದೇ ಕ್ರಮ. ಆಕಾಶದಿಂದ ಜಿಪಿಎಸ್‌ಗೆ, ಜಿಪಿಎಸ್‌ನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಪೋರ್ಟಿಗೆ (ಲ್ಯಾಪ್‌ಟಾಪ್ ಮಾಹಿತಿ ಪಡೆಯುವ ದ್ವಾರ), ಪೋರ್ಟಿನಿಂದ ನಕ್ಷೆಗೆ. ಈ ಸರಪಳಿಯ ನಟ್ಟನಡುವೆ ಒಂದು ಕಡೆ ನಿಂತು ಹರಿದು ಬರುವ ಮಾಹಿತಿಯನ್ನು ಕಣ್ಣಾರೆ ನೋಡಿದರೆ, ದೋಷ ಆ ಕಡೆಯೋ ಈ ಕಡೆಯೋ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಮೊದಲು ಆಕಾಶ

ಕೇಬಲ್ ಬಿಚ್ಚಿಡಿ. ಜಿಪಿಎಸ್‌ನ ಉಪಗ್ರಹ ಪುಟ ತೆರೆದು ನೋಡಿ. ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ನಿಖರವಾಗಿ ಬರಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಮೂರೇ ಇದ್ದರೆ ಎತ್ತರವನ್ನು ಊಹಿಸಿಕೊಂಡು ಜಾಗ ತೋರಿಸುತ್ತದೆ, ಅದನ್ನು ನಂಬಿ ಘಟ್ಟ ಇಳಿಯಬೇಡಿ.

ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದ ಸಾಧನವನ್ನು ತೆಗೆದು, ಆನ್ ಮಾಡಿದ ಕೂಡಲೇ ಹೊರಟುಬಿಟ್ಟರೆ ಅದು ಜಾಗ ಹಿಡಿಯಲು ಒದ್ದಾಡುತ್ತದೆ. ಕಾರಣ ಸರಳ. ಎಲ್ಲ ಉಪಗ್ರಹಗಳ ಅಂದಾಜು ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಒಂದೊಂದು ಉಪಗ್ರಹದ ನಿಖರ ಕಕ್ಷೆಯ ವಿವರ 30 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ, ನಡುವೆ ಮರವೋ ಸೇತುವೆಯೋ ಅಡ್ಡ ಬಂದರೆ ಮತ್ತೆ ಮೊದಲಿನಿಂದ ಕಾಯಬೇಕು. ಈ ಕಕ್ಷೆಯ ವಿವರ ಕೆಲವೇ ಗಂಟೆ ಬಾಳುತ್ತದೆ. ಆದ್ದರಿಂದ ಹೊರಡುವ ಮೊದಲು ಬಯಲಿನಲ್ಲಿ ಕಾಲು ಗಂಟೆ ಸುಮ್ಮನೆ ಇಟ್ಟುಬಿಡಿ. ಓಡುವ ಗಾಡಿಯಲ್ಲಿ ಒಂದು ಗಂಟೆಯಲ್ಲೂ ಆಗದ್ದು ಹೀಗೆ ಆಗುತ್ತದೆ.

ಗಾಡಿಯೊಳಗೆ ಸಿಗ್ನಲ್ ಬೀಳುವುದಕ್ಕೆ ಮುಖ್ಯ ಕಾರಣ ಇಡುವ ಭಂಗಿ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್‌ನಂಥವುಗಳಲ್ಲಿ ಚಪ್ಪಟೆ ಆಂಟೆನಾ, ಅದು ಮುಖ ಮೇಲೆ ಮಾಡಿ ಮಲಗಿರಬೇಕು. ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್‌ನಂಥ, ತಲೆಯ ಮೇಲೆ ಕೊಂಬು ಇರುವವುಗಳಲ್ಲಿ ಸುರುಳಿ ಆಂಟೆನಾ, ಅದು ನೆಟ್ಟಗೆ ನಿಂತಿರಬೇಕು. ಒಂದರ ಹೋಲ್ಡರ್‌ನಲ್ಲಿ ಇನ್ನೊಂದನ್ನು ಸಿಕ್ಕಿಸಿದರೆ ಎರಡೂ ಸೊರಗುತ್ತವೆ. ಲೋಹದ ಪದರವಿರುವ ಗಾಜು ಅಥವಾ ಸನ್ ಫಿಲ್ಮ್ ಇದ್ದರೂ ಸಿಗ್ನಲ್ ಕುಗ್ಗುತ್ತದೆ. ಜಿಪಿಎಸ್‌ನ ತರಂಗ ನೆಲ ಮುಟ್ಟುವ ಹೊತ್ತಿಗೆ ಎಷ್ಟು ಬಡಕಲಾಗಿರುತ್ತದೆಂದರೆ, 1575.42 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಯಾವ ಅಗ್ಗದ ಚಾರ್ಜರ್ ಗದ್ದಲ ಮಾಡಿದರೂ ಮುಳುಗಿಹೋಗುತ್ತದೆ. ಕಾರಿನ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಒಂದೊಂದನ್ನೇ ತೆಗೆದು ಉಪಗ್ರಹ ಪುಟದಲ್ಲಿ ಸಿಗ್ನಲ್ ಬಲ ತೋರಿಸುವ ಕಂಬಿಗಳನ್ನು ಗಮನಿಸಿ. ಯಾವುದನ್ನು ತೆಗೆದಾಗ ಕಂಬಿಗಳೆಲ್ಲ ಒಟ್ಟಿಗೆ ಎದ್ದವೋ ಅದೇ ಅಪರಾಧಿ.

ಕಂಬಿಗಳ ನಡುವೆ 40, 41 ಎಂಬ ಸಂಖ್ಯೆ ಕಂಡರೆ ಅದು ನಮ್ಮ ಗಗನ್ ವ್ಯವಸ್ಥೆಯ ಉಪಗ್ರಹ. ವಿಮಾನಗಳಿಗಾಗಿ ಕಟ್ಟಿದ, ಜಿಪಿಎಸ್ ತೋರಿಸುವ ಜಾಗವನ್ನು ಇನ್ನಷ್ಟು ನಿಖರ ಮಾಡುವ ಈ ತಿದ್ದುಪಡಿ ಸೇವೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಸಾಧನದ ಮೆನುವಿನಲ್ಲಿ ಡಬ್ಲ್ಯೂಎಎಎಸ್ (ಇಂಥದೇ ಅಮೆರಿಕದ ಸೇವೆಯ ಹೆಸರು) ಆನ್ ಮಾಡಿದರೆ ಅದು ಸಿಗಬಹುದು. ಸಿಗದಿದ್ದರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ, ಕಾರಿನ ದಾರಿಗೆ ಅದಿಲ್ಲದೆಯೂ ನಡೆಯುತ್ತದೆ.

ಇನ್ನೊಂದು ಮಾತು: ಹಳೆಯ ಸಾಧನ ಜಾಗ ಸರಿಯಾಗಿ ತೋರಿಸುತ್ತಾ ತಾರೀಕು ಮಾತ್ರ ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ತೋರಿಸುತ್ತಿದ್ದರೆ ಅದು ಕೆಟ್ಟಿಲ್ಲ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗೆ ಸುತ್ತಿತು. ತಯಾರಕರು ಹೊಸ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಕೊಟ್ಟಿದ್ದರೆ ಹಾಕಿ. ಇಲ್ಲದಿದ್ದರೆ ದಾರಿ ತೋರಿಸಲು ತೊಂದರೆಯಿಲ್ಲ, ದಾಖಲಿಸಿದ ಹಾದಿಗಳ ತಾರೀಕನ್ನು ಆಮೇಲೆ ತಿದ್ದಿಕೊಳ್ಳಬೇಕು.

ಕಚ್ಚಾ ಸಾಲುಗಳನ್ನು ನೋಡಿ

ಆಕಾಶ ಸರಿಯಿದ್ದರೆ ಈಗ ಸರಪಳಿಯ ನಡುವೆ ನಿಲ್ಲುವ ಹೊತ್ತು. ನಕ್ಷೆಯ ತಂತ್ರಾಂಶವನ್ನು ಪೂರ್ತಿ ಮುಚ್ಚಿ. ವಿಂಡೋಸ್‌ನಲ್ಲಾದರೆ ಪುಟ್ಟಿ ಎಂಬ ಉಚಿತ ತಂತ್ರಾಂಶ ತೆರೆದು, ಸೀರಿಯಲ್ (ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಹಳೆಯ ಬಗೆಯ ಜೋಡಣೆ) ಆಯ್ದು, ಪೋರ್ಟಿನ ಹೆಸರು ಮತ್ತು ವೇಗ ಕೊಡಿ. ಪೋರ್ಟ್ ಯಾವುದೆಂದು ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ಸಾಲಿನಲ್ಲಿ ಕಾಣುತ್ತದೆ: ಕಾಮ್ 3, ಕಾಮ್ 5 ಹೀಗೆ. ಹ್ಯಾಂಡ್‌ಹೆಲ್ಡ್‌ಗಳಿಗೆ ವೇಗ ಸೆಕೆಂಡಿಗೆ 4800 ಬಿಟ್, ಉಳಿದ ಸೆಟ್ಟಿಂಗ್‌ಗಳು 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಇದು ಎನ್‌ಎಂಇಎ 0183 ಎಂಬ, ಹಡಗುಗಳ ಉಪಕರಣಗಳು ಪರಸ್ಪರ ಮಾತಾಡಲೆಂದು ಮಾಡಿದ ಒಡಂಬಡಿಕೆ, ಇಂದಿಗೂ ಎಲ್ಲರೂ ಒಪ್ಪುವ ಭಾಷೆ ಅದೇ.

ಎಲ್ಲ ಸರಿಯಿದ್ದರೆ ಡಾಲರ್ ಚಿಹ್ನೆಯಿಂದ ಆರಂಭವಾಗುವ, ಅಲ್ಪವಿರಾಮಗಳಿಂದ ತುಂಬಿದ ಸಾಲುಗಳು ಒಂದೆರಡು ಸೆಕೆಂಡಿಗೊಮ್ಮೆ ಉರುಳುತ್ತವೆ. ಅವುಗಳಲ್ಲಿ ಆರ್‌ಎಂಸಿ ಎಂದು ಮುಗಿಯುವ ಹೆಸರಿನ ಸಾಲನ್ನು ಹುಡುಕಿ. ಅದರಲ್ಲಿ ಮೊದಲು ಸಮಯ, ಅದಾದ ಮೇಲೆ ಒಂದೇ ಒಂದು ಇಂಗ್ಲಿಷ್ ಅಕ್ಷರ. ‘ಎ’ ಇದ್ದರೆ ಜಾಗ ಸಿಕ್ಕಿದೆ, ‘ವಿ’ ಇದ್ದರೆ ಸಿಕ್ಕಿಲ್ಲ. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಅಕ್ಷರ ಇನ್ನೊಂದಿಲ್ಲ. ‘ಎ’ ಕಂಡಿತೆಂದರೆ ಉಪಗ್ರಹ, ಆಂಟೆನಾ, ಕೇಬಲ್, ಡ್ರೈವರ್ (ಸಾಧನವನ್ನು ಲ್ಯಾಪ್‌ಟಾಪಿಗೆ ಪರಿಚಯಿಸುವ ತಂತ್ರಾಂಶ), ಪೋರ್ಟ್ ಎಲ್ಲವೂ ನಿರ್ದೋಷಿ. ಇನ್ನು ನೋಡಬೇಕಾದದ್ದು ನಕ್ಷೆಯ ತಂತ್ರಾಂಶದ ಸೆಟ್ಟಿಂಗ್ ಮಾತ್ರ. ‘ವಿ’ ಕಂಡರೆ ಕೇಬಲ್ಲಿನಿಂದ ಈಚೆಗೆ ಎಲ್ಲ ಸರಿ, ಮತ್ತೆ ಆಕಾಶದ ಕಡೆಗೆ ಹೋಗಿ. ಮನೆಯೊಳಗೆ ಪರೀಕ್ಷಿಸುವವರಿಗೆ ‘ವಿ’ ಕಾಣುವುದೇ ಸಹಜ, ಅಂಗಳಕ್ಕೆ ಬನ್ನಿ.

ಆ ಸಾಲಿನ ಸಮಯ ನಿಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅದು ಗ್ರೀನ್‌ವಿಚ್ ಲೆಕ್ಕ, ಸರಿಯಾಗಿಯೇ ಇದೆ. ವೇಗವೂ ಹಡಗಿನ ವೇಗದ ಅಳತೆಯಾದ ನಾಟ್‌ಗಳಲ್ಲಿ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ಹೋಗುವಾಗ 32 ಎಂದು ತೋರಿಸಿದರೆ ತಂತ್ರಾಂಶ ಆ ನಾಟ್‌ಗಳನ್ನೇ ಹಾಗೇ ಎತ್ತಿ ತೋರಿಸುತ್ತಿದೆ ಎಂದರ್ಥ.

ಲಿನಕ್ಸ್ ಬಳಸುವವರಿಗೆ ಜಿಪಿಎಸ್‌ಡಿ ಎಂಬ ಸೇವೆ ಇದೆ. ಅದರ ಜೊತೆಗೇ ಬರುವ ಸಿಜಿಪಿಎಸ್ ಎಂಬ ಪುಟ್ಟ ಕಾರ್ಯಕ್ರಮ ಇದೆಲ್ಲವನ್ನೂ ಒಂದೇ ಪರದೆಯಲ್ಲಿ ಓದಿ ಹೇಳುತ್ತದೆ.

ಪುಟ್ಟಿಯ ಪರದೆ ಖಾಲಿ ಇದ್ದರೆ

ಬಹುಪಾಲು ಜನ ಇಲ್ಲೇ ಸಿಕ್ಕಿಬೀಳುವುದು, ಅದರಲ್ಲೂ ಗಾರ್ಮಿನ್ ಕೊಂಡವರು. ಸಾಧನದ ಮೆನುವಿನಲ್ಲಿ ಇಂಟರ್‌ಫೇಸ್ ಎಂಬ ಆಯ್ಕೆ ಇದೆ. ಪೆಟ್ಟಿಗೆಯಿಂದ ತೆಗೆದಾಗ ಅದು ಸಾಮಾನ್ಯವಾಗಿ ಗಾರ್ಮಿನ್‌ನ ಸ್ವಂತ ಭಾಷೆಯಲ್ಲಿರುತ್ತದೆ. ಗಾರ್ಮಿನ್ ತಂತ್ರಾಂಶ ಬಿಟ್ಟು ಬೇರೆಯವಕ್ಕೆ ಅದು ಅರ್ಥವಾಗುವುದು ಅಪರೂಪ. ಅದನ್ನು ಎನ್‌ಎಂಇಎ ಇನ್-ಔಟ್‌ಗೆ ಬದಲಿಸಿ.

ಆದರೆ ಬದಲಿಸಿದ ಮೇಲೂ ಖಾಲಿಯಾಗಿಯೇ ಇರಬಹುದು, ಯಾಕೆಂದರೆ ಎನ್‌ಎಂಇಎ ಹೊರಡುವುದು ಸೀರಿಯಲ್ ಕಿಂಡಿಯಿಂದ, ಯುಎಸ್‌ಬಿ ಕಿಂಡಿಯಿಂದ ಅಲ್ಲ. 60ಸಿಎಸ್‌ಎಕ್ಸ್‌ಗೆ ಎರಡೂ ಕಿಂಡಿಗಳಿವೆ: ಮಿನಿ ಯುಎಸ್‌ಬಿ ಒಂದು, ನಾಲ್ಕು ಪಿನ್ನಿನ ದುಂಡು ಸೀರಿಯಲ್ ಇನ್ನೊಂದು. ಯುಎಸ್‌ಬಿ ಕೇಬಲ್ ಚುಚ್ಚಿ ಎನ್‌ಎಂಇಎಗಾಗಿ ಕಾಯುವವರು ಎಷ್ಟು ಹೊತ್ತು ಕಾದರೂ ಅಷ್ಟೇ. ಯುಎಸ್‌ಬಿ ಮೂಲಕವೇ ಬೇಕೆಂದರೆ ಗಾರ್ಮಿನ್ ಸ್ಪ್ಯಾನರ್ ಎಂಬ ವಿಂಡೋಸ್ ತಂತ್ರಾಂಶ ಬೇಕು. ಅದು ಗಾರ್ಮಿನ್ ಭಾಷೆಯನ್ನು ಎನ್‌ಎಂಇಎಗೆ ತಿರುಗಿಸಿ, ಇಲ್ಲದ ಒಂದು ಕಾಮ್ ಪೋರ್ಟನ್ನು ಸೃಷ್ಟಿಸಿ ಕೊಡುತ್ತದೆ. ಇಟ್ರೆಕ್ಸ್ 10, 20, 30 ಇವುಗಳಲ್ಲಿ ಇಂಟರ್‌ಫೇಸ್ ಮೆನುವಿನಲ್ಲೇ ಸ್ಪ್ಯಾನರ್ ಎಂಬ ಆಯ್ಕೆಯಿದೆ. ಅದನ್ನು ಆಯ್ದು ಕೇಬಲ್ ಚುಚ್ಚಿದಾಗ ಮಾಸ್ ಸ್ಟೋರೇಜ್‌ಗೆ ಹೋಗಲೇ ಎಂದು ಕೇಳುತ್ತದೆ. ಬೇಡ ಎನ್ನಿ. ಹೂಂ ಎಂದರೆ ಸಾಧನ ಪೆನ್‌ಡ್ರೈವ್ ಆಗಿಬಿಡುತ್ತದೆ, ಉಪಗ್ರಹ ಹಿಡಿಯುವುದನ್ನೇ ನಿಲ್ಲಿಸುತ್ತದೆ. “ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಜಿಪಿಎಸ್ ಸತ್ತುಹೋಗುತ್ತದೆ” ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಲಿನಕ್ಸ್‌ನಲ್ಲಿ ಸ್ಪ್ಯಾನರ್ ಇಲ್ಲ. ಬದಲಿಗೆ ಅದರ ತಿರುಳಾದ ಕರ್ನೆಲ್‌ನಲ್ಲೇ ಗಾರ್ಮಿನ್‌ಗೆಂದು ಒಂದು ಮಾಡ್ಯೂಲ್ ಇದೆ, ಜಿಪಿಎಸ್‌ಡಿಗೆ ಗಾರ್ಮಿನ್ ಭಾಷೆ ಬರುತ್ತದೆ. ಸಾಧನದ ಇಂಟರ್‌ಫೇಸ್ ಅನ್ನು ಗಾರ್ಮಿನ್ ಎಂದೇ ಬಿಟ್ಟು, ನಕ್ಷೆಯ ತಂತ್ರಾಂಶಕ್ಕೆ ಜಿಪಿಎಸ್‌ಡಿಯ 2947ನೇ ಪೋರ್ಟ್ ತೋರಿಸಿ.

ನಿಜವಾದ ಸೀರಿಯಲ್ ಕೇಬಲ್ ಬಳಸುತ್ತಿದ್ದೂ ಖಾಲಿಯೇ? ಆಗ ಕೇಬಲನ್ನೇ ಸಂಶಯಿಸಿ. ಸೀರಿಯಲ್ ಕೇಬಲನ್ನು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಜೋಡಿಸುವ ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನಿಂದ ಜಿಪಿಎಸ್ ಕೇಬಲ್ ಕಳಚಿ, ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಒಂದು ತಂತಿಯ ತುಂಡಿನಿಂದ ಕೂಡಿಸಿ. ಪುಟ್ಟಿಯಲ್ಲಿ ಏನಾದರೂ ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆಗೆ ಮರಳಿ ಬಂದರೆ ಅಡಾಪ್ಟರ್, ಡ್ರೈವರ್, ಪೋರ್ಟ್ ಮೂರೂ ಸರಿ. ದೋಷ ಜಿಪಿಎಸ್ ಕೇಬಲ್ಲಿನಲ್ಲೋ ಸಾಧನದಲ್ಲೋ ಇದೆ. ಬಾರದಿದ್ದರೆ ಅಡಾಪ್ಟರ್ ಕಡೆಯದು. ಹಳೆಯ ಹಳದಿ ಇಟ್ರೆಕ್ಸ್‌ನ ಬೆನ್ನಿನಲ್ಲಿ ರಬ್ಬರ್ ಮುಚ್ಚಳದ ಕೆಳಗೆ ಇರುವ ಸಂಪರ್ಕದ ಲೋಹಕ್ಕೆ ಬೆವರು, ಧೂಳು ಕೂತು ಕಿಲುಬು ಹಿಡಿಯುವುದುಂಟು. ಮೆದು ರಬ್ಬರಿನಿಂದ ಉಜ್ಜಿ ಒರೆಸಿದರೆ ಎಷ್ಟೋ ಸಲ ಜೀವ ಬರುತ್ತದೆ.

ಅಕ್ಷರಗಳು ಕಲಸಿಹೋಗಿ ಬಂದರೆ

ಬರುವುದೇನೋ ಬರುತ್ತಿದೆ, ಆದರೆ ಓದಲಾಗದ ಚಿಹ್ನೆಗಳ ರಾಶಿ. ಮೊದಲ ಅನುಮಾನ ವೇಗದ ಮೇಲೆ. 4800 ಬಿಟ್ಟು 9600 ಕೊಟ್ಟು ನೋಡಿ, ಯು-ಬ್ಲಾಕ್ಸ್ ಕಂಪನಿಯ ಜಿಪಿಎಸ್ ಚಿಪ್‌ಗಳ ಹಳೆಯ ಪೀಳಿಗೆಯ ರೂಢಿ ಅದು. ಹೊಸವು 38400ರಲ್ಲಿ ಮಾತಾಡುತ್ತವೆ.

ಯಾವ ವೇಗಕ್ಕೂ ಬಗ್ಗದಿದ್ದರೆ, ಮತ್ತು ನಿಮ್ಮದು ಸರ್ಫ್ ಚಿಪ್ ಇರುವ ಬಿಯು-353ರಂಥ ಯುಎಸ್‌ಬಿ ರಿಸೀವರ್ ಆಗಿದ್ದರೆ, ಅದು ಬೈನರಿ ಭಾಷೆಗೆ (ಕಣ್ಣಿಗೆ ಓದಲಾಗದ, ಯಂತ್ರಕ್ಕಷ್ಟೇ ತಿಳಿಯುವ ರೂಪ) ಜಾರಿರಬಹುದು. ಒಂದೇ ರಿಸೀವರನ್ನು ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಬಳಸುವವರಿಗೆ ಇದು ವಿಶೇಷವಾಗಿ ಕಾಡುತ್ತದೆ. ಜಿಪಿಎಸ್‌ಡಿ ಹೆಚ್ಚಿನ ವಿವರಕ್ಕಾಗಿ ಸರ್ಫ್ ಚಿಪ್ಪನ್ನು ಬೈನರಿಗೆ ತಿರುಗಿಸುತ್ತದೆ. ಒಳಗಿನ ಪುಟ್ಟ ವಿದ್ಯುತ್ ಸಂಗ್ರಹ ಖಾಲಿಯಾಗುವವರೆಗೂ ಚಿಪ್ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಮರುದಿನ ವಿಂಡೋಸ್‌ಗೆ ಚುಚ್ಚಿದವರಿಗೆ ರಿಸೀವರ್ ಹಾಳಾದಂತೆ ಕಾಣುತ್ತದೆ. ಸರ್ಫ್‌ಡೆಮೊ ತಂತ್ರಾಂಶದಿಂದ ಎನ್‌ಎಂಇಎಗೆ ಮರಳಿಸಬಹುದು, ಇಲ್ಲವೇ ಕೆಲವು ದಿನ ಚುಚ್ಚದೆ ಇಟ್ಟರೂ ಮರೆತುಬಿಡುತ್ತದೆ. ಮುಂದೆ ಹೀಗಾಗದಂತೆ ಜಿಪಿಎಸ್‌ಡಿಯನ್ನು ಬರೀ ಓದುವ ಸ್ಥಿತಿಯಲ್ಲಿ ಆರಂಭಿಸಿ, ಅದಕ್ಕೆ ಹೈಫನ್ ಮತ್ತು ಸಣ್ಣ ‘ಬಿ’ ಅಕ್ಷರದ ಆಯ್ಕೆಯಿದೆ.

ಪೋರ್ಟೇ ಕಾಣುತ್ತಿಲ್ಲ, ಇಲ್ಲವೇ ಮೌಸ್ ಬಾಣ ಕುಣಿಯುತ್ತಿದೆ

ಮೌಸ್ ಬಾಣ ತಾನೇ ತಾನಾಗಿ ಪರದೆಯೆಲ್ಲ ಹಾರಾಡಿ, ಸಿಕ್ಕಸಿಕ್ಕದ್ದನ್ನು ಕ್ಲಿಕ್ ಮಾಡುತ್ತಿದ್ದರೆ ವೈರಸ್ ಎಂದು ಗಾಬರಿಯಾಗಬೇಡಿ. ಜಿಪಿಎಸ್ ಆಗಲೇ ಮಾತಾಡುತ್ತಿರುವಾಗ ಲ್ಯಾಪ್‌ಟಾಪ್ ಆನ್ ಮಾಡಿದರೆ, ವಿಂಡೋಸ್ ಆ ಮಾತನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಿಳಿದುಬಿಡುತ್ತದೆ. ಡಿವೈಸ್ ಮ್ಯಾನೇಜರ್‌ನ ಮೌಸ್ ಸಾಲಿನಲ್ಲಿ ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್ ಎಂಬುದು ಇರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ, ಮುಂದಿನ ಸಲ ಮತ್ತೆ ಬರುತ್ತದೆ. ಡಿಸೇಬಲ್ ಮಾಡಿ. ಬಾಣ ಹಿಡಿತಕ್ಕೆ ಸಿಗದಿದ್ದರೆ ಮೊದಲು ಕೇಬಲ್ ಎಳೆಯಿರಿ, ವಿಂಡೋಸ್ ಪೂರ್ತಿ ತೆರೆದ ಮೇಲೆ ಚುಚ್ಚಿ, ಆಗ ಡಿಸೇಬಲ್ ಮಾಡಿ.

ಪೋರ್ಟೇ ಇಲ್ಲದಿದ್ದರೆ ಅಡಾಪ್ಟರಿನ ಒಳಗಿನ ಚಿಪ್ ಯಾವುದೆಂದು ತಿಳಿಯಬೇಕು. ಪ್ರೊಲಿಫಿಕ್ ಪಿಎಲ್2303ರ ಹಳೆಯ ಆವೃತ್ತಿಗಳನ್ನು ಹೊಸ ವಿಂಡೋಸ್ ಡ್ರೈವರ್ ಒಪ್ಪುವುದಿಲ್ಲ. ಹಳದಿ ತ್ರಿಕೋನ, ಕೋಡ್ 10 ಎಂಬ ದೋಷ, ಇಲ್ಲವೇ ಈ ಚಿಪ್ 2012ರಿಂದಲೇ ನಿಂತುಹೋಗಿದೆ ಎಂಬ ಒಕ್ಕಣೆ ಕಾಣುತ್ತದೆ. ನಕಲಿ ಚಿಪ್‌ಗಳ ಗತಿಯೂ ಅದೇ. ಹಳೆಯ ಡ್ರೈವರ್ ಹಾಕಿ ತಳ್ಳಬಹುದು, ಆದರೆ ವಿಂಡೋಸ್ ತಾನಾಗಿ ಅಪ್‌ಡೇಟ್ ಆದ ದಿನ ಮತ್ತೆ ಅದೇ ಕಥೆ. ಎಫ್‌ಟಿಡಿಐ ಚಿಪ್ಪಿನ ಅಡಾಪ್ಟರ್ ಕೊಂಡು ಈ ತಲೆನೋವನ್ನು ಮುಗಿಸಿಬಿಡುವುದು ನನ್ನ ಸಲಹೆ. ಅದಕ್ಕೆ ಇನ್ನೂ ಒಂದು ಕಾರಣವಿದೆ. ಎಫ್‌ಟಿಡಿಐಗೆ ತನ್ನದೇ ಕ್ರಮಸಂಖ್ಯೆ ಇರುವುದರಿಂದ ಯಾವ ಯುಎಸ್‌ಬಿ ಕಿಂಡಿಗೆ ಚುಚ್ಚಿದರೂ ಅದೇ ಕಾಮ್ ಸಂಖ್ಯೆ ಉಳಿಯುತ್ತದೆ. ಕ್ರಮಸಂಖ್ಯೆ ಇಲ್ಲದವು ಕಿಂಡಿ ಬದಲಾದಂತೆ ಹೊಸ ಸಂಖ್ಯೆ ಪಡೆಯುತ್ತವೆ. ನಿನ್ನೆ ಕೆಲಸ ಮಾಡಿದ್ದು ಇವತ್ತು ಮಾಡದಿರುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಬೇರಿಲ್ಲ. ಬಳಸುವ ಕಿಂಡಿಗೆ ಒಂದು ಚುಕ್ಕೆ ಬಣ್ಣ ಹಚ್ಚಿಡಿ. ಹಳೆಯ ನಕ್ಷೆ ತಂತ್ರಾಂಶಗಳಿಗೆ ದೊಡ್ಡ ಕಾಮ್ ಸಂಖ್ಯೆ ಕಾಣಿಸದು. ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ನಾಲ್ಕರೊಳಗಿನ ಖಾಲಿ ಸಂಖ್ಯೆಗೆ ಬದಲಿಸಿ.

ಯು-ಬ್ಲಾಕ್ಸ್ ಚಿಪ್ಪಿನ ಅಗ್ಗದ ಯುಎಸ್‌ಬಿ ರಿಸೀವರ್‌ಗಳಲ್ಲಿ ಇನ್ನೊಂದು ವಿಚಿತ್ರ. ವಿಂಡೋಸ್ 10 ಅದಕ್ಕೆ ಸೆನ್ಸರ್ ಡ್ರೈವರ್ ಹಾಕಿದರೆ ಕಾಮ್ ಪೋರ್ಟ್ ಮಾಯವಾಗಿ, ಸೆನ್ಸರ್‌ಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಡ್ರೈವರ್ ಬದಲಿಸುವ ಕಡೆ ಹೋಗಿ, ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ಯುಎಸ್‌ಬಿ ಸೀರಿಯಲ್ ಡಿವೈಸ್ ಎಂಬುದನ್ನು ಕೈಯಾರೆ ಆಯ್ದರೆ ಪೋರ್ಟ್ ಮರಳುತ್ತದೆ.

ಲಿನಕ್ಸ್‌ನಲ್ಲಿ ಅನುಮತಿ ಇಲ್ಲ ಎಂದು ಬಂದರೆ ನಿಮ್ಮ ಬಳಕೆದಾರ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಉಬುಂಟು 22.04ರಲ್ಲಿ ಸಿಎಚ್340 ಚಿಪ್ಪಿನ ಅಡಾಪ್ಟರ್ ಚುಚ್ಚಿದೊಡನೆ ಕಂಡು ಮಾಯವಾದರೆ, ಅಂಧರ ಬ್ರೈಲ್ ಪರದೆಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಅದನ್ನು ತನ್ನದೆಂದು ಕಸಿದುಕೊಂಡಿದೆ. ಬ್ರೈಲ್ ಪರದೆ ಬಳಸದವರು ಆ ಸೇವೆಯನ್ನು ತೆಗೆಯಬಹುದು.

ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶ ತೆರೆಯಬಲ್ಲದು. ಪುಟ್ಟಿಯನ್ನು ಮುಚ್ಚದೆ ನಕ್ಷೆ ತೆರೆದರೆ ನಕ್ಷೆಗೆ ಪೋರ್ಟ್ ಸಿಗುವುದಿಲ್ಲ.

ಕಾರು ಬೇರೆಲ್ಲೋ ಕಾಣುತ್ತಿದೆ

ಬಾಣ ಓಡುತ್ತಿದೆ, ಆದರೆ ತಪ್ಪು ಜಾಗದಲ್ಲಿ. ಇಲ್ಲಿ ಎಷ್ಟು ದೂರ ತಪ್ಪಿದೆ ಎಂಬುದೇ ಕಾರಣವನ್ನು ಹೇಳುತ್ತದೆ.

ಹತ್ತಾರು ಕಿಲೋಮೀಟರ್ ತಪ್ಪಿದ್ದರೆ ಅದು ಅಂಶ (ಡಿಗ್ರಿ) ಮತ್ತು ಕಲೆಗಳ (ಮಿನಿಟ್, ಅಂಶದ ಅರವತ್ತನೇ ಒಂದು ಭಾಗ) ಗೊಂದಲ. ಎನ್‌ಎಂಇಎ ಸಾಲಿನಲ್ಲಿ ಬೆಂಗಳೂರಿನ ನಡುಮಧ್ಯದ ಅಕ್ಷಾಂಶ 1258.296 ಎಂದು ಬರುತ್ತದೆ. ಅಂದರೆ 12 ಅಂಶ, 58.296 ಕಲೆ. ದಶಮಾಂಶದಲ್ಲಿ ಅದು 12.9716. ರೇಖಾಂಶ 07735.676, ಅಂದರೆ 77.5946. ಇದನ್ನು ಲೆಕ್ಕ ಮಾಡದೆ ಬರೀ ಚುಕ್ಕೆ ಸರಿಸಿ 12.58296, 77.35676 ಎಂದು ಓದಿದ ತಂತ್ರಾಂಶ ನಿಮ್ಮನ್ನು 43 ಕಿಲೋಮೀಟರ್ ದಕ್ಷಿಣಕ್ಕೆ, ಸುಮಾರು 26 ಕಿಲೋಮೀಟರ್ ಪಶ್ಚಿಮಕ್ಕೆ ಎತ್ತಿ ಕನಕಪುರದ ಆಸುಪಾಸಿಗೆ ಹಾಕುತ್ತದೆ. ಕೈಯಿಂದ ಜಾಗಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವಾಗಲೂ ಇದೇ ತಪ್ಪು ನುಸುಳುತ್ತದೆ. ಚುಕ್ಕೆಯ ಹಿಂದಿನ ಎರಡಂಕಿ ಎಂದೂ 60 ಮುಟ್ಟದಿದ್ದರೆ ಅವು ಕಲೆಗಳು.

ನೂರು-ಇನ್ನೂರು ಮೀಟರ್, ಎಲ್ಲ ಕಡೆಯೂ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಅದು ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯಲು ಆಧಾರವಾದ ಭೂಮಿಯ ಮಾದರಿ) ವ್ಯತ್ಯಾಸ. ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆಗಳು ಎವರೆಸ್ಟ್ ಡೇಟಮ್‌ನಲ್ಲಿವೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84ರಲ್ಲಿವೆ. ಜಿಪಿಎಸ್ ಮಾತಾಡುವುದೂ ಇದರಲ್ಲೇ. ಹಳೆಯ ಹಾಳೆ ಹೊಂದಲೆಂದು ಜಿಪಿಎಸ್‌ನ ಡೇಟಮ್ ಬದಲಿಸುವುದು ಕೆಟ್ಟ ದಾರಿ. ಮುಂದೆ ಇನ್ನೊಬ್ಬರು ಆ ಸಾಧನ ಎತ್ತಿಕೊಂಡು ಹೋಗಿ ದಾಖಲಿಸಿದ ಎಲ್ಲ ಜಾಗಗಳೂ ಜರುಗಿರುತ್ತವೆ. ಸಾಧನವನ್ನು ಸದಾ ಡಬ್ಲ್ಯೂಜಿಎಸ್ 84ರಲ್ಲೇ ಇಟ್ಟು, ಕ್ಯೂಜಿಐಎಸ್‌ನಲ್ಲಿ ಹಾಳೆಯ ಡೇಟಮ್ ಸರಿಯಾಗಿ ಹೇಳಿ.

ಓಡುವಾಗ ಇಪ್ಪತ್ತು-ನಲವತ್ತು ಮೀಟರ್ ಹಿಂದೆ ಬಿದ್ದು, ನಿಂತಾಗ ಸರಿಹೋದರೆ ಅದು ತಡ. 4800ರ ವೇಗದಲ್ಲಿ ಸೆಕೆಂಡಿಗೆ 480 ಅಕ್ಷರ ಮಾತ್ರ ಹಾಯುತ್ತವೆ, ಒಂದು ಸಾಲು 82 ಅಕ್ಷರದವರೆಗೂ ಇರಬಹುದು. ಹಾಗಾಗಿ ಗಾರ್ಮಿನ್ ಹ್ಯಾಂಡ್‌ಹೆಲ್ಡ್‌ಗಳು ಎರಡು ಸೆಕೆಂಡಿಗೊಮ್ಮೆ ಮಾತ್ರ ಪೂರ್ತಿ ಕಂತು ಕಳಿಸುತ್ತವೆ. 80ರ ವೇಗದಲ್ಲಿ ಎರಡು ಸೆಕೆಂಡೆಂದರೆ 44 ಮೀಟರ್, ಒಂದು ತಿರುವು ತಪ್ಪಲು ಸಾಕು. ಬ್ಯಾಟರಿ ಉಳಿತಾಯದ ಸ್ಥಿತಿ ಆನ್ ಇದ್ದರೆ ಇನ್ನೂ ತಡ, ಗಾಡಿಯಲ್ಲಿ ಅದನ್ನು ಆಫ್ ಮಾಡಿ.

ಸಿಗ್ನಲ್‌ನಲ್ಲಿ ನಿಂತಾಗ ಬಾಣ ಗಿರಗಿರನೆ ತಿರುಗುವುದು ದೋಷವಲ್ಲ. ಜಿಪಿಎಸ್ ದಿಕ್ಕನ್ನು ಚಲನೆಯಿಂದ ಲೆಕ್ಕಹಾಕುತ್ತದೆ, ನಿಂತವರಿಗೆ ದಿಕ್ಕಿಲ್ಲ. ಹಾಗೆಯೇ ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆಯಲ್ಲಿ ಹೋಗುವಾಗ ತಂತ್ರಾಂಶ ನಿಮ್ಮನ್ನು ಕೆಳಗಿನ ಹೊಸೂರು ರಸ್ತೆಯಲ್ಲಿ ತೋರಿಸಿದರೆ ಜಿಪಿಎಸ್ ಬಿಚ್ಚಿ ನೋಡಿ ಪ್ರಯೋಜನವಿಲ್ಲ. ಎರಡೂ ರಸ್ತೆಗಳ ಅಕ್ಷಾಂಶ ರೇಖಾಂಶ ಒಂದೇ. ಅಲ್ಲಿ ಕಣ್ಣೇ ಗತಿ.

ಅರ್ಧ ದಾರಿಯಲ್ಲಿ ನಿಂತುಹೋದರೆ

ಹೊರಡುವಾಗ ಚೆನ್ನಾಗಿದ್ದು ಮುಂದೆಲ್ಲೋ ನಿಂತರೆ ವಿದ್ಯುತ್ತಿನ ಕಡೆ ನೋಡಿ. ಗಾಡಿ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಚಾರ್ಜರ್ ನೆಚ್ಚಿಕೊಂಡ ರಿಸೀವರ್ ಆಗ ಆಫ್ ಆಗಿ ಆನ್ ಆಗುತ್ತದೆ, ಪೋರ್ಟ್ ಕಡಿದುಹೋಗುತ್ತದೆ, ನಕ್ಷೆ ತಂತ್ರಾಂಶ ಅದನ್ನು ಗಮನಿಸದೆ ಸುಮ್ಮನೆ ಕಾಯುತ್ತಿರುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಎಲ್ಲ ಚುಚ್ಚಿ, ಅಥವಾ ಹ್ಯಾಂಡ್‌ಹೆಲ್ಡ್ ಒಳಗೆ ಬ್ಯಾಟರಿ ಹಾಕಿಯೇ ಇಡಿ.

65 ವ್ಯಾಟ್‌ನ ಲ್ಯಾಪ್‌ಟಾಪ್ ಇನ್ವರ್ಟರ್ ಮೂಲಕ ಸುಮಾರು 7 ಆಂಪಿಯರ್ ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್. ಅದೇ ಸಾಕೆಟ್ಟಿಗೆ ಕವಲು ಹಾಕಿ ಟೈರಿಗೆ ಗಾಳಿ ತುಂಬುವ ಪಂಪನ್ನೂ ಚುಚ್ಚಿದರೆ ಫ್ಯೂಸ್ ಹೋಗುವುದು ಖಚಿತ. 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ 19ಕ್ಕೆ ಇಳಿಸುವ ಬದಲು, ನೇರವಾಗಿ 12ರಿಂದ 19 ವೋಲ್ಟ್ ಕೊಡುವ ಕಾರ್ ಅಡಾಪ್ಟರ್ ಒಳ್ಳೆಯದು. ನಷ್ಟವೂ ಕಡಿಮೆ, ಬಿಸಿಯೂ ಕಡಿಮೆ.

ವಿದ್ಯುತ್ ಸರಿಯಿದ್ದೂ ನಿಲ್ಲುತ್ತಿದ್ದರೆ ಲ್ಯಾಪ್‌ಟಾಪೇ ಯುಎಸ್‌ಬಿಯನ್ನು ಮಲಗಿಸುತ್ತಿದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ನ ಟಿಕ್ ತೆಗೆಯಿರಿ. ಹಂಪ್‌ಗಳ ಮೇಲೆ ಮಾತ್ರ ಕಡಿಯುತ್ತಿದ್ದರೆ ಮಿನಿ ಯುಎಸ್‌ಬಿ ಸಡಿಲವಾಗಿದೆ. ಕೇಬಲನ್ನು ಸಾಧನಕ್ಕೇ ಒಂದು ಸುತ್ತು ಕಟ್ಟಿ, ಎಳೆತ ಕಿಂಡಿಯ ಮೇಲೆ ಬೀಳದಂತೆ ಮಾಡಿ.

ಲ್ಯಾಪ್‌ಟಾಪ್ ಇರಬೇಕಾದದ್ದು ಪಕ್ಕದಲ್ಲಿ ಕೂತವರ ತೊಡೆಯ ಮೇಲೆ, ಓಡಿಸುವವರ ಕಣ್ಣೆದುರು ಅಲ್ಲ. ಏರ್‌ಬ್ಯಾಗ್ ಇರುವ ಡ್ಯಾಶ್‌ಬೋರ್ಡ್ ಮೇಲಂತೂ ಲ್ಯಾಪ್‌ಟಾಪ್ ಇರಲಿ, ಜಿಪಿಎಸ್ ಕೂಡ ಬೇಡ.

ಹೊಸದಾಗಿ ಕೊಳ್ಳುವುದಾದರೆ

ಇಷ್ಟು ದೋಷಗಳನ್ನು ನೋಡಿದ ಮೇಲೆ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ಇದು ಓಡುತ್ತಿರುವಾಗಲೇ ಯುಎಸ್‌ಬಿ ಮೂಲಕ ಎನ್‌ಎಂಇಎ ಕೊಡುತ್ತದೆಯೇ, ಕೊಟ್ಟರೆ ಯಾವ ತಂತ್ರಾಂಶದ ನೆರವಿನಿಂದ? ಬಣ್ಣದ ಪರದೆ, ನಕ್ಷೆಗೆ ಎಷ್ಟು ಜಾಗ ಎಂಬುದೆಲ್ಲ ಆಮೇಲಿನ ಮಾತು, ನಕ್ಷೆ ತೋರಿಸಲು ಲ್ಯಾಪ್‌ಟಾಪ್ ಇದೆಯಲ್ಲ. ಅಂಗಡಿಯವರ ಬಾಯಿಮಾತು ನೆಚ್ಚದೆ, ಕೈಪಿಡಿಯನ್ನು ಇಳಿಸಿಕೊಂಡು ಇಂಟರ್‌ಫೇಸ್ ಅಧ್ಯಾಯ ಓದಿ. ಅಲ್ಲಿ ಎನ್‌ಎಂಇಎ ಅಥವಾ ಸ್ಪ್ಯಾನರ್ ಎಂಬ ಮಾತಿಲ್ಲದಿದ್ದರೆ ಈ ಕೆಲಸಕ್ಕೆ ಅದು ಬೇಡ.

ಎರಡು ಸಾಧನಗಳಿಗೆ ಹಣವಿದ್ದರೆ ನಾನು ಹೇಳುವುದು ಇದು: ನಡಿಗೆಗೆ ಹ್ಯಾಂಡ್‌ಹೆಲ್ಡ್ ಇರಲಿ, ಗಾಡಿಗೆ ಒಂದು ಪ್ರತ್ಯೇಕ ಯುಎಸ್‌ಬಿ ರಿಸೀವರ್ ಇರಲಿ. ಸೆಕೆಂಡಿಗೊಮ್ಮೆ ಮಾತಾಡುವ, ಅಯಸ್ಕಾಂತದ ತಳವಿರುವ, ಉದ್ದ ತಂತಿಯದ್ದು ಆಯ್ದು ಗಾಡಿಯ ಮಾಡಿಗೆ ಅಂಟಿಸಿ. ಗಾಜಿನ ತಕರಾರೂ ಇಲ್ಲ, ಚಾರ್ಜರ್ ಗದ್ದಲವೂ ದೂರ. ಹ್ಯಾಂಡ್‌ಹೆಲ್ಡ್‌ಗಿಂತ ಬಹಳ ಅಗ್ಗ. ಪೆನ್‌ಡ್ರೈವ್ ಗಾತ್ರದ, ಲ್ಯಾಪ್‌ಟಾಪಿಗೇ ಅಂಟಿಕೊಳ್ಳುವ ರಿಸೀವರ್ ಬೇಡ. ಅದು ಗಾಡಿಯೊಳಗೆ, ಲ್ಯಾಪ್‌ಟಾಪಿನ ಯುಎಸ್‌ಬಿ ಗದ್ದಲದ ಪಕ್ಕದಲ್ಲೇ ಕೂತಿರುತ್ತದೆ.

ತಂತ್ರಾಂಶದಲ್ಲಿ, ಸ್ವಂತ ಪದರಗಳ ಮೇಲೆ ಜಾಗ ನೋಡುವವರಿಗೆ ಕ್ಯೂಜಿಐಎಸ್ ಸಾಕು. ಅದರ ಜಿಪಿಎಸ್ ಫಲಕ ಪೋರ್ಟನ್ನು ತಾನೇ ಹುಡುಕಬಲ್ಲದು, ಜಿಪಿಎಸ್‌ಡಿಗೂ ಜೋಡಿಸಿಕೊಳ್ಳುತ್ತದೆ. ಆದರೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುವುದು ಅದರ ಕೆಲಸವಲ್ಲ. ಅದು ಬೇಕಾದವರಿಗೆ ಲಿನಕ್ಸ್‌ನಲ್ಲಿ ನ್ಯಾವಿಟ್ ಇದೆ, ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ದಾರಿ ಹೇಳುತ್ತದೆ. ಲ್ಯಾಪ್‌ಟಾಪ್ ಹಳೆಯದಾದರೂ ಚಿಂತೆಯಿಲ್ಲ, ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮಾತ್ರ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಪರದೆ ಬಿಸಿಲಿಗೆ ಕಾಣುವಷ್ಟು ಬೆಳಗುತ್ತದೆಯೇ ಎಂದು ನಡುಮಧ್ಯಾಹ್ನ ಗಾಡಿಯೊಳಗೆ ಕೂತು ನೋಡಿಯೇ ಕೊಳ್ಳಿ.